ವೃತ್ತಿಕಲಿಕೆಯಲ್ಲಿ ಸಹಯೋಗಿ ಜಾಲ ಸಾಧನಗಳು: ಕಡೂರು, ತರೀಕೆರೆ, ಅಜ್ಜಂಪುರದ ಶಾಲಾ ಶಿಕ್ಷಕರು

ಕೆಲಸದ ನಡುವೆ ಎದುರಾದ ತೊಡಕನ್ನು ಅದೇ ಕೆಲಸ ಮಾಡುವ ಇನ್ನೊಬ್ಬರ ಮುಂದಿಟ್ಟು ಕಲಿಯುವುದು ವೃತ್ತಿಕಲಿಕೆಯ ಹಳೆಯ ದಾರಿ. ಆ ಇನ್ನೊಬ್ಬರು ಹತ್ತಿರದಲ್ಲಿ ಇಲ್ಲದಿದ್ದಾಗ ಇ-ಮೇಲ್ ಬಳಗ, ವಿಕಿ, ವಾಟ್ಸಾಪ್ ಗ್ರೂಪ್, ಟೆಲಿಗ್ರಾಂ ಚಾನೆಲ್, ಹಲವರು ಕೂಡಿ ತಿದ್ದಬಹುದಾದ ಕಡತ ಮುಂತಾದ ಜಾಲ ಸಾಧನಗಳು ನೆರವಿಗೆ ಬರುತ್ತವೆ. ಕರ್ನಾಟಕದಲ್ಲಿ ಇದು ಸರ್ಕಾರಿ ವ್ಯವಸ್ಥೆಯ ಒಳಗೇ, ವ್ಯವಸ್ಥಿತವಾಗಿ ನಡೆದದ್ದು ಪ್ರೌಢಶಾಲಾ ಶಿಕ್ಷಕರ ನಡುವೆ. 2011ರಲ್ಲಿ ಶುರುವಾದ ವಿಷಯ ಶಿಕ್ಷಕರ ವೇದಿಕೆ, ಅದರ ಬೆನ್ನಿಗೆ ಬಂದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿ, 2016ರ ನಂತರ ಎಲ್ಲ ಕಡೆ ಹರಡಿದ ವಾಟ್ಸಾಪ್, ಕೊರೊನಾ ಕಾಲದಲ್ಲಿ ಪ್ರತಿ ಶಿಕ್ಷಕರ ಫೋನಿಗೂ ಬಂದ ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆ ಇದರ ಘಟ್ಟಗಳು. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಂಥ ಪ್ರದೇಶದ ಶಾಲೆಯ ಕಡೆಯಿಂದ ನೋಡಿದಾಗ ಈ ಸಾಧನಗಳ ಬೆಲೆಯೂ ಮಿತಿಯೂ ಚೆನ್ನಾಗಿ ಗೊತ್ತಾಗುತ್ತವೆ.

ಪ್ರದೇಶ ಮತ್ತು ಒಂಟಿ ಶಿಕ್ಷಕರು

ಈ ಮೂರು ತಾಲ್ಲೂಕುಗಳು ಜಿಲ್ಲೆಯ ಬಯಲು ಮಗ್ಗುಲು. 1947ರವರೆಗೆ ಇಡೀ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು, ಆದರೆ ಕಚೇರಿಗಳು ಇದ್ದದ್ದು ಚಿಕ್ಕಮಗಳೂರಿನಲ್ಲಿ. ಕಡೂರು ತೆಂಗು ಮತ್ತು ರಾಗಿಯ ಮಳೆನೆರಳಿನ ನೆಲ. ತರೀಕೆರೆಯಲ್ಲಿ ಒಂದು ಕಡೆ ಅಡಿಕೆ ತೋಟ ಮತ್ತು ಲಕ್ಕವಳ್ಳಿಯ ಭದ್ರಾ ಜಲಾಶಯ, ಇನ್ನೊಂದು ಕಡೆ ಕೆಮ್ಮಣ್ಣುಗುಂಡಿಯ ಬೆಟ್ಟಸಾಲು. ಬಹುಕಾಲ ತರೀಕೆರೆಯ ಭಾಗವಾಗಿದ್ದು ಈಚೆಗೆ ಪ್ರತ್ಯೇಕ ತಾಲ್ಲೂಕಾದ ಅಜ್ಜಂಪುರದ್ದು ಈರುಳ್ಳಿ ಬೆಳೆಯುವ ಬಯಲು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಕಡೂರು ತಾಲ್ಲೂಕೊಂದರಲ್ಲೇ ಕಡೂರು, ಬೀರೂರು ಎಂಬ ಎರಡು ವಲಯಗಳಿವೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಹುಟ್ಟಿದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಶಿಕ್ಷಕರ ಮಾತಿನಲ್ಲಿ ಡಯಟ್, ಇರುವುದು ಚಿಕ್ಕಮಗಳೂರಿನಲ್ಲಿ. ಕಡೂರಿನಿಂದ ಅಲ್ಲಿಗೆ ಸುಮಾರು 40 ಕಿಲೋಮೀಟರ್. ಅಜ್ಜಂಪುರದ ಕಡೆಯ ಹಳ್ಳಿಯಿಂದ ಹೊರಟವರಿಗೆ ಹೋಗಿಬರುವುದರಲ್ಲೇ ದಿನ ಕಳೆಯುತ್ತದೆ.

ದೂರಕ್ಕಿಂತ ದೊಡ್ಡ ತೊಡಕು ಪ್ರೌಢಶಾಲೆಯ ಹುದ್ದೆಗಳ ರಚನೆಯಲ್ಲೇ ಇದೆ. ಹಳ್ಳಿಯ ಸರ್ಕಾರಿ ಪ್ರೌಢಶಾಲೆಗೆ ಸಾಮಾನ್ಯವಾಗಿ ಕನ್ನಡಕ್ಕೆ ಒಬ್ಬರು, ಇಂಗ್ಲಿಷಿಗೆ ಒಬ್ಬರು, ಹಿಂದಿಗೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು. ಗಣಿತ, ಭೌತವಿಜ್ಞಾನದ ಪಿಸಿಎಂ ಶಿಕ್ಷಕರು ಒಬ್ಬರು, ಜೀವವಿಜ್ಞಾನದ ಸಿಬಿಝಡ್ ಶಿಕ್ಷಕರು ಒಬ್ಬರು. ಅಂದರೆ ಸ್ಟಾಫ್ ರೂಮಿನಲ್ಲಿ ಏಳೆಂಟು ಜನ ಕೂತಿದ್ದರೂ ತ್ರಿಕೋನಮಿತಿಯ ಲೆಕ್ಕವೊಂದನ್ನು ಮಕ್ಕಳಿಗೆ ಹೇಗೆ ಹತ್ತಿರ ಮಾಡುವುದೆಂದು ಮಾತಾಡಲು ಗಣಿತದವರಿಗೆ ಅಲ್ಲಿ ಜೊತೆಯಿಲ್ಲ. ಅವರ ನಿಜವಾದ ಸಹೋದ್ಯೋಗಿ ಇರುವುದು ಹತ್ತಾರು ಕಿಲೋಮೀಟರ್ ಆಚೆಯ ಇನ್ನೊಂದು ಶಾಲೆಯಲ್ಲಿ. ಒಂದೇ ಕೆಲಸದವರು ಒಂದೇ ಕಟ್ಟಡದಲ್ಲಿರುವ ಕಾರ್ಖಾನೆಗೂ ಬ್ಯಾಂಕಿಗೂ ಇಲ್ಲದ ಈ ಸ್ಥಿತಿಯೇ ಶಿಕ್ಷಕರಲ್ಲಿ ಜಾಲ ಸಾಧನಗಳು ಬೇಗ ಬೇರೂರಲು ಮುಖ್ಯ ಕಾರಣ.

ಕಲ್ಪನೆಯ ಹಿನ್ನೆಲೆ

ವೃತ್ತಿಕಲಿಕೆ ತರಬೇತಿ ಕೊಠಡಿಯಲ್ಲಿ ಮಾತ್ರ ಆಗುತ್ತದೆ ಎಂಬ ನಂಬಿಕೆಯನ್ನು ಅಲ್ಲಾಡಿಸಿದವರಲ್ಲಿ ಮಾನವಶಾಸ್ತ್ರಜ್ಞರು ಮುಖ್ಯರು. ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರ ತಮ್ಮ ಪುಸ್ತಕದಲ್ಲಿ, ಹೊಸಬರು ಕಸುಬಿನ ಅಂಚಿನಲ್ಲಿ ನಿಂತು ಕೆಲಸದಲ್ಲಿ ಕೈಜೋಡಿಸುತ್ತ ನಡುವಿಗೆ ಬರುವುದನ್ನೇ ಕಲಿಕೆ ಎಂದು ವಿವರಿಸಿದರು. ಜೂಲಿಯನ್ ಓರ್ ಅಮೆರಿಕದ ಜೆರಾಕ್ಸ್ ಕಂಪನಿಯ ರಿಪೇರಿ ತಂತ್ರಜ್ಞರ ಜೊತೆ ತಿರುಗಾಡಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ವಾರಸ್ಯಕರ. ಆ ತಂತ್ರಜ್ಞರು ಹಟಮಾರಿ ಯಂತ್ರಗಳ ಗುಟ್ಟನ್ನು ಕೈಪಿಡಿಯಿಂದ ಕಲಿತದ್ದಕ್ಕಿಂತ ಊಟ, ಕಾಫಿಯ ಹೊತ್ತಿನಲ್ಲಿ ಹೇಳಿಕೊಳ್ಳುತ್ತಿದ್ದ ಅನುಭವಕಥೆಗಳಿಂದ ಕಲಿತದ್ದೇ ಹೆಚ್ಚು. ಇದನ್ನು ಅರಿತ ಕಂಪನಿ ಯುರೇಕಾ ಎಂಬ ಕಂಪ್ಯೂಟರ್ ಸಂಗ್ರಹವನ್ನು ಕಟ್ಟಿತು. ತಂತ್ರಜ್ಞರು ಬರೆದ ಉಪಾಯವನ್ನು ನುರಿತ ಸಹೋದ್ಯೋಗಿಗಳು ಪರೀಕ್ಷಿಸಿದ ಮೇಲೆಯೇ ಅದು ಸಂಗ್ರಹಕ್ಕೆ ಸೇರುತ್ತಿತ್ತು, ಬರೆದವರ ಹೆಸರೂ ಜೊತೆಗಿರುತ್ತಿತ್ತು. ಪರೀಕ್ಷೆ ಮತ್ತು ಹೆಸರು ಎಂಬ ಈ ಎರಡು ಅಂಶಗಳು ಕರ್ನಾಟಕದ ಕಥೆಗೂ ಮುಖ್ಯವಾಗುತ್ತವೆ.

ಸಾಧನಗಳ ಕಡೆಯಿಂದ, ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿಯನ್ನು ಜಾಲಕ್ಕೆ ತಂದರು. ಯಾರು ಬೇಕಾದರೂ ಪುಟ ತಿದ್ದಬಹುದು, ಹಳೆಯ ರೂಪಗಳೆಲ್ಲ ಉಳಿದಿರುತ್ತವೆ ಎಂಬುದು ಈಗಿನ ವಿಕಿಗಳ ತಿರುಳು. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಕಸುಬುದಾರರು ತಮ್ಮ ಅನುಭವವನ್ನು ತಾವೇ ಬರೆದು ಹಂಚಿಕೊಳ್ಳುವ ರೂಢಿಗಾದರೆ ಕನ್ನಡದಲ್ಲಿ ಜಾಲಕ್ಕಿಂತ ಹಿಂದಿನ ಮಾದರಿಯೇ ಇದೆ. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ ಶ್ರೀ ಪಡ್ರೆಯವರ ಸಂಪಾದಕತ್ವದಲ್ಲಿ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಅಲ್ಲಿ ಬರೆಯುವವರೂ ರೈತರು, ಓದುವವರೂ ರೈತರು. ನಡುವೆ ಕಾಳು ಜೊಳ್ಳು ಬೇರ್ಪಡಿಸುವ ಸಂಪಾದಕರಿದ್ದರು.

ಜಾಲಕ್ಕೆ ಮುಂಚಿನ ವ್ಯವಸ್ಥೆ

ಸರ್ಕಾರಿ ಶಿಕ್ಷಕರ ಸೇವಾನಿರತ ತರಬೇತಿ ಬಹುಕಾಲ ಮೇಲಿಂದ ಕೆಳಕ್ಕೆ ಇಳಿಯುವ ಕ್ರಮದಲ್ಲೇ ನಡೆಯಿತು. ರಾಜ್ಯ ಮಟ್ಟದಲ್ಲಿ ಕೆಲವರು ಸಂಪನ್ಮೂಲ ವ್ಯಕ್ತಿಗಳಾಗುತ್ತಾರೆ, ಅವರು ಜಿಲ್ಲೆಯವರಿಗೆ ಹೇಳುತ್ತಾರೆ, ಜಿಲ್ಲೆಯವರು ತಾಲ್ಲೂಕಿನವರಿಗೆ. ಪ್ರತಿ ಮೆಟ್ಟಿಲಿಗೂ ಸ್ವಲ್ಪ ಸ್ವಲ್ಪ ಸೋರಿ, ಕೊನೆಯ ಶಾಲೆಗೆ ತಲುಪುವ ಹೊತ್ತಿಗೆ ಕೈಪಿಡಿಯ ಜೆರಾಕ್ಸ್ ಪ್ರತಿ ಮಾತ್ರ ಉಳಿದಿರುತ್ತಿತ್ತು ಎಂಬುದು ಶಿಕ್ಷಕರ ಹಳೆಯ ದೂರು. ಪ್ರಾಥಮಿಕ ಶಾಲೆಗಳ ಮಟ್ಟಿಗೆ ಕ್ಲಸ್ಟರ್ ಸಂಪನ್ಮೂಲ ಕೇಂದ್ರದ ಸಮಾಲೋಚನಾ ಸಭೆ ಇದಕ್ಕೆ ಒಂದಿಷ್ಟು ಮದ್ದು. ಹತ್ತಾರು ಶಾಲೆಗಳ ಶಿಕ್ಷಕರು ಒಂದೆಡೆ ಸೇರಿ ನಲಿಕಲಿ ಕಾರ್ಡು, ಕಲಿಕೋಪಕರಣ, ಮಾದರಿ ಪಾಠ ಎಂದು ಕೂತು ಮಾತಾಡುವ ಈ ಸಭೆ ಚೆನ್ನಾಗಿ ನಡೆದ ಕಡೆ ನಿಜವಾದ ವೃತ್ತಿ ಸಮುದಾಯವೇ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಸುತ್ತೋಲೆ ಓದಿ ಮುಗಿಸಿದ ಕಡೆ ಅದು ಹಾಜರಾತಿಯ ಸಭೆ.

ಕಂಪ್ಯೂಟರ್ ಶಾಲೆಗೆ ಬಂದದ್ದು ಬೇರೆ ಉದ್ದೇಶದಿಂದ. 2001ರ ಸುಮಾರಿನ ಮಾಹಿತಿ ಸಿಂಧು ಯೋಜನೆ ಮಕ್ಕಳಿಗೆ ಕಂಪ್ಯೂಟರ್ ಕಲಿಸಲು ಹೊರಟಿತು. ಆಮೇಲೆ ಬಂದ ಐಸಿಟಿ ಯೋಜನೆಯಲ್ಲಿ ಖಾಸಗಿ ಸಂಸ್ಥೆ ಲ್ಯಾಬ್ ಕಟ್ಟಿ, ಕೆಲ ವರ್ಷ ನಡೆಸಿ, ಶಾಲೆಗೆ ಒಪ್ಪಿಸುವ ಪದ್ಧತಿ ಇತ್ತು. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿದ ಮೇಲೆ ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠಗಳು ಬಂದವು. ಇವೆಲ್ಲದರಲ್ಲಿ ಶಿಕ್ಷಕರು ಪಕ್ಕದಲ್ಲಿ ನಿಂತು ನೋಡುವವರು. ಬೀಗ ಹಾಕಿದ ಲ್ಯಾಬಿನ ಕೀಲಿಕೈ ಹೊರಗಿನ ಬೋಧಕರ ಹತ್ತಿರ ಇದ್ದರೆ ಗಣಿತದ ಶಿಕ್ಷಕರಿಗೂ ಆ ಯಂತ್ರಕ್ಕೂ ಏನು ಸಂಬಂಧ?

ವಿಷಯ ಶಿಕ್ಷಕರ ವೇದಿಕೆ

ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದು ವಿಷಯ ಶಿಕ್ಷಕರ ವೇದಿಕೆ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಎಸ್‌ಟಿಎಫ್ ಎಂದೇ ಬಳಕೆಯಲ್ಲಿರುವ ಈ ಕಾರ್ಯಕ್ರಮವನ್ನು ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನದ ಅಡಿಯಲ್ಲಿ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆ ಸೇರಿ 2011ರಲ್ಲಿ ಆರಂಭಿಸಿತು. ಮೊದಲು ಗಣಿತ-ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು, ಮುಂದೆ ಕನ್ನಡ, ಇಂಗ್ಲಿಷ್ ಮೊದಲಾದ ಭಾಷಾ ಶಿಕ್ಷಕರು, ಮುಖ್ಯ ಶಿಕ್ಷಕರು ಹೀಗೆ ಬಳಗ ಬೆಳೆಯಿತು. ಪಕ್ಕದ ಕೇರಳದ ಐಟಿ@ಸ್ಕೂಲ್ ಯೋಜನೆ ಸ್ವತಂತ್ರ ತಂತ್ರಾಂಶವನ್ನೂ ಶಿಕ್ಷಕರನ್ನೂ ನಡುವಿಗೆ ತಂದು ಆಗಲೇ ದಾರಿ ತೋರಿಸಿತ್ತು.

ಕ್ರಮ ಸರಳವಾಗಿತ್ತು. ಶಿಕ್ಷಕರು ಡಯಟ್‌ನ ಕಂಪ್ಯೂಟರ್ ಕೊಠಡಿಯಲ್ಲಿ ಕೆಲವು ದಿನ ಕೂರಬೇಕು. ಇ-ಮೇಲ್ ವಿಳಾಸ ಇಲ್ಲದವರು ಮೊದಲು ಅದನ್ನು ಮಾಡಿಕೊಂಡು, ತಮ್ಮ ವಿಷಯದ ರಾಜ್ಯಮಟ್ಟದ ಮೇಲ್ ಬಳಗಕ್ಕೆ ಸೇರಬೇಕು. ಉಬುಂಟು, ಜಿಯೋಜೀಬ್ರಾ, ಪರಿಕಲ್ಪನಾ ನಕ್ಷೆ ಬಿಡಿಸುವ ತಂತ್ರಾಂಶ ಇವುಗಳನ್ನು ತಮ್ಮ ಪಾಠಕ್ಕೆ ಬೇಕಾದಷ್ಟು ಕಲಿತು, ಊರಿಗೆ ಹೋದ ಮೇಲೆ ಬಳಗದಲ್ಲಿ ಮಾತು ಮುಂದುವರಿಸಬೇಕು. ತರಬೇತಿ ಮುಗಿದ ಮೇಲೂ ಸಂಪರ್ಕ ಮುಗಿಯಲಿಲ್ಲ ಎಂಬುದೇ ಇಲ್ಲಿನ ಹೊಸತನ. ಇಳಿಜಾರಿನ ಕ್ರಮದಲ್ಲಿ ಮೇಲಿನವರಿಗೆ ಕೇಳಬೇಕಾದ ಪ್ರಶ್ನೆಯನ್ನು ಈಗ ಇಡೀ ರಾಜ್ಯದ ಓರಗೆಯವರಿಗೆ ಕೇಳಬಹುದಿತ್ತು. ಬೀದರಿನವರು ಕೇಳಿದ್ದಕ್ಕೆ ಕೊಡಗಿನವರು ಹೇಳಬಹುದಿತ್ತು.

ಜಿಯೋಜೀಬ್ರಾದ ಉದಾಹರಣೆಯಿಂದ ಕಲಿಕೆಯ ಬಗೆ ತಿಳಿಯುತ್ತದೆ. ಆಸ್ಟ್ರಿಯದ ಮಾರ್ಕುಸ್ ಹೋಹೆನ್‌ವಾರ್ಟರ್ ಸಾಲ್ಸ್‌ಬರ್ಗ್‌ನಲ್ಲಿ ರೂಪಿಸಿದ ಈ ತಂತ್ರಾಂಶದಲ್ಲಿ ರೇಖಾಗಣಿತದ ಚಿತ್ರವನ್ನು ಎಳೆದಾಡಬಹುದು. ವೃತ್ತದ ಹೊರಗಿನ ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳು ಸಮ ಎಂಬುದು ಎಸ್‌ಎಸ್‌ಎಲ್‌ಸಿಯ ಪ್ರಮೇಯ. ಕಪ್ಪುಹಲಗೆಯ ಮೇಲೆ ಒಂದೇ ಚಿತ್ರ ಬಿಡಿಸಿ ಸಾಧಿಸುವುದು ರೂಢಿ. ಜಿಯೋಜೀಬ್ರಾದಲ್ಲಿ ಆ ಬಿಂದುವನ್ನು ಎತ್ತ ಎಳೆದರೂ ಎರಡೂ ಉದ್ದಗಳು ಜೊತೆಜೊತೆಗೇ ಬದಲಾಗುವುದು ಕಣ್ಣಿಗೇ ಕಾಣುತ್ತದೆ. ಒಬ್ಬರು ಮಾಡಿದ ಕಡತವನ್ನು ಬಳಗಕ್ಕೆ ಹಾಕಿದರೆ ಇನ್ನೊಬ್ಬರು ತೆರೆದು, ಅದರ ಕಟ್ಟಣೆ ನೋಡಿ, ತಮ್ಮ ತರಗತಿಗೆ ಬೇಕಾದಂತೆ ಬದಲಿಸಿ ಮತ್ತೆ ಹಾಕಬಹುದು. ಇದು ಮುಗಿದ ಪಾಠವನ್ನು ಪಡೆದುಕೊಳ್ಳುವುದಲ್ಲ, ಬೇರೆಯವರ ಕೈಕೆಲಸವನ್ನು ಬಿಚ್ಚಿ ನೋಡುವುದು. ವಿಡಿಯೊ ಪಾಠಕ್ಕೆ ಈ ಗುಣವಿಲ್ಲ.

ಕನ್ನಡ ಶಿಕ್ಷಕರ ಬಳಗದ ಮಾತುಕತೆ ಇನ್ನೊಂದು ಬಗೆಯದು. ಸಮಾಸ ಯಾವುದು, ಸಂಧಿ ಹೇಗೆ ಬಿಡಿಸುವುದು, ಷಟ್ಪದಿಗೆ ಪ್ರಸ್ತಾರ ಹಾಕುವಾಗ ಈ ಅಕ್ಷರ ಗುರುವೇ ಲಘುವೇ, ಹಳಗನ್ನಡದ ಈ ಪದಕ್ಕೆ ಇಲ್ಲಿ ಯಾವ ಅರ್ಥ ಎಂಬಂಥ ಪ್ರಶ್ನೆಗಳಿಗೆ ಒಂದಕ್ಕಿಂತ ಹೆಚ್ಚು ಉತ್ತರ ಬರುವುದು ಸಹಜ, ಚರ್ಚೆ ಕಾವೇರುವುದೂ ಸಹಜ. ಕಡೂರು ತಾಲ್ಲೂಕಿನ ದೇವನೂರು ‘ಜೈಮಿನಿ ಭಾರತ’ದ ಲಕ್ಷ್ಮೀಶನ ಊರು. ಆತನ ವಾರ್ಧಕ ಷಟ್ಪದಿಯನ್ನು ಅದೇ ತಾಲ್ಲೂಕಿನ ತರಗತಿಯಲ್ಲಿ ಕಲಿಸುವವರಿಗೆ ಇಂಥ ಬಳಗ ದೂರದ ವಿದ್ವಾಂಸರನ್ನೂ ಹತ್ತಿರ ಮಾಡುತ್ತದೆ.

ಕೊರತೆಗಳೂ ಇದ್ದವು. ಇ-ಮೇಲ್ ನೋಡಲು ಕಂಪ್ಯೂಟರ್ ಬೇಕು, ಅದಕ್ಕೆ ಕರೆಂಟು ಬೇಕು, ಬಿಎಸ್‌ಎನ್‌ಎಲ್ ಸಂಪರ್ಕ ಬೇಕು. ಹಳ್ಳಿಯ ಶಾಲೆಯಲ್ಲಿ ಮೂರೂ ಒಟ್ಟಿಗೆ ಇರುವ ಹೊತ್ತು ಕಡಿಮೆ. ಮೇಲ್ ಬಳಗದಲ್ಲಿ ಬರೆಯುವವರು ಯಾವಾಗಲೂ ಸ್ವಲ್ಪ ಜನ, ಓದಿ ಸುಮ್ಮನಿರುವವರು ಬಹಳ. ಸುಮ್ಮನಿರುವವರು ಕಲಿಯುವುದಿಲ್ಲ ಎನ್ನಲಾಗದು. ಲೇವ್-ವೆಂಗರ್ ಹೇಳಿದ ಅಂಚಿನ ಜಾಗ ಇದೇ.

ನುಡಿ, ಬರಹ, ಯೂನಿಕೋಡ್

ಕನ್ನಡದಲ್ಲಿ ಕೂಡಿ ಬರೆಯುವುದಕ್ಕೆ ಅಕ್ಷರವೇ ಅಡ್ಡಿಯಾದ ಕಾಲವೊಂದಿತ್ತು. ಶಿಕ್ಷಕರ ಪ್ರಶ್ನೆಪತ್ರಿಕೆ, ಟಿಪ್ಪಣಿಗಳೆಲ್ಲ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹಾಳೆಗೆ ಮುದ್ರಿಸಲು ಅಡ್ಡಿಯಿರಲಿಲ್ಲ, ವಿಕಿಗೆ ಹಾಕಲು, ಹುಡುಕಲು, ಇನ್ನೊಬ್ಬರು ತಿದ್ದಲು ಆಗುತ್ತಿರಲಿಲ್ಲ. ಯೂನಿಕೋಡಿಗೆ ಹೊರಳಿ ಹೊಸದಾಗಿ ಟೈಪಿಂಗ್ ಕಲಿಯುವ ತೊಂದರೆಯನ್ನು ಹಲವರು ತಪ್ಪಿಸಿಕೊಂಡರು, ಆದರೆ ಉಬುಂಟು ಬಳಸಿದವರಿಗೆ ಬೇರೆ ದಾರಿ ಇರಲಿಲ್ಲ. ಕೊನೆಗೆ ಈ ಗಂಟು ಬಿಡಿಸಿದ್ದು ಮೊಬೈಲ್. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಸರಿಯಾಗಿ ಮೂಡತೊಡಗಿತು. 2017ರ ಆಗಸ್ಟ್‌ನಲ್ಲಿ ಗೂಗಲ್ ತನ್ನ ಧ್ವನಿ ಟೈಪಿಂಗಿಗೆ ಕನ್ನಡವನ್ನೂ ಸೇರಿಸಿದ ಮೇಲೆ ಕೀಲಿಮಣೆಗೆ ಅಂಜುತ್ತಿದ್ದವರೂ ಹೇಳಿ ಬರೆಸುವಂತಾಯಿತು.

ಮುಕ್ತ ಸಂಪನ್ಮೂಲಗಳ ವಿಕಿ

ಮೇಲ್ ಬಳಗದಲ್ಲಿ ಒಳ್ಳೆಯ ಉತ್ತರ ಬಂದರೂ ಮುಂದಿನ ವರ್ಷ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಉತ್ತರ ಒಂದು ಕಡೆ ನಿಲ್ಲಬೇಕಾದರೆ ಪುಟ ಬೇಕು. 2013ರಲ್ಲಿ ರೂಪುಗೊಂಡ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ, ಬಳಕೆಯಲ್ಲಿ ಕೋಯರ್, ಈ ಕೊರತೆಗೆ ಬಂದದ್ದು. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದ ಮೇಲೆಯೇ ಇದನ್ನು ಕಟ್ಟಲಾಗಿದ್ದು, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಪುಟಗಳಿವೆ. ಪಾಠದ ಪುಟ ಪರಿಕಲ್ಪನಾ ನಕ್ಷೆಯಿಂದ ಶುರುವಾಗಿ ಕಲಿಕೆಯ ಉದ್ದೇಶ, ಚಟುವಟಿಕೆ, ಹೆಚ್ಚಿನ ಓದು, ಪ್ರಶ್ನೆಗಳ ಕಡೆಗೆ ಸಾಗುತ್ತದೆ. ಮುಕ್ತ ಪರವಾನಗಿ ಇರುವುದರಿಂದ ಯಾರ ಅಪ್ಪಣೆಯನ್ನೂ ಕೇಳದೆ ಪುಟವನ್ನು ಬಳಸಬಹುದು, ಬದಲಿಸಬಹುದು, ಹಂಚಬಹುದು.

ವಿಕಿ ಮಾದರಿಯ ನಿಜವಾದ ಲಾಭ ಸ್ಥಳೀಯ ವಿಷಯದಲ್ಲಿದೆ. ರಾಜ್ಯಕ್ಕೆಲ್ಲ ಒಂದೇ ಆದ ಪಠ್ಯಪುಸ್ತಕ ನೀರಾವರಿಯ ಪಾಠಕ್ಕೆ ನಾಡಿನ ಯಾವುದೋ ಒಂದು ಅಣೆಕಟ್ಟನ್ನು ಉದಾಹರಿಸುತ್ತದೆ. ತರೀಕೆರೆಯ ಮಕ್ಕಳ ಮುಂದೆಯೇ ಭದ್ರಾ ಜಲಾಶಯವಿದೆ. ತುಂಗೆಯ ನೀರನ್ನು ಭದ್ರೆಗೆ ಎತ್ತಿ, ಅಲ್ಲಿಂದ ಅಜ್ಜಂಪುರದ ಬಳಿಯ ಸುರಂಗದ ಮೂಲಕ ಚಿತ್ರದುರ್ಗದ ಕಡೆಗೆ ಹರಿಸುವ ಭದ್ರಾ ಮೇಲ್ದಂಡೆ ಯೋಜನೆ ಅವರ ಹೊಲದ ಪಕ್ಕದ ಸಂಗತಿ. ಕೆರೆಗಳ ಪಾಠಕ್ಕೆ ಸಖರಾಯಪಟ್ಟಣದ ಅಯ್ಯನಕೆರೆ ಇದೆ. ಹೊಯ್ಸಳರ ಪಾಠಕ್ಕೆ ಬೇಲೂರಿನವರೆಗೆ ಹೋಗಬೇಕಾಗಿಲ್ಲ, 1196ರ ಅಮೃತೇಶ್ವರ ದೇವಾಲಯ ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲೇ ಇದೆ. ಜಾನುವಾರು ತಳಿಗಳ ಪಾಠಕ್ಕೆ ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿದ್ದ ದನಗಳ ಹಿಂಡು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದು ಸೈನ್ಯದ ಸಾಗಣೆಗೆ ನಿಂತ ಕಥೆ ಇತಿಹಾಸಕ್ಕೂ ಜೀವವಿಜ್ಞಾನಕ್ಕೂ ಒಟ್ಟಿಗೆ ಸಲ್ಲುತ್ತದೆ. ಇಂಥ ವಿವರವನ್ನು ಬೆಂಗಳೂರಿನ ಪಠ್ಯಪುಸ್ತಕ ಸಮಿತಿ ಸೇರಿಸಲಾರದು. ಅಲ್ಲಿಯ ಶಿಕ್ಷಕರು ವಿಕಿಯ ಪುಟಕ್ಕೆ ಸೇರಿಸಬಲ್ಲರು. ಹಾಗೆ ಸೇರಿಸುವ ಕೆಲಸವೇ ಅವರ ಕಲಿಕೆ.

ಆದರೂ ವಿಕಿಯಲ್ಲಿ ಬರೆಯುವವರು ಮೇಲ್ ಬಳಗದಲ್ಲಿ ಬರೆಯುವವರಿಗಿಂತ ಕಡಿಮೆ. ಅದಕ್ಕೆ ವಿಕಿಯ ಗುರುತುಚಿಹ್ನೆಗಳ ತೊಡಕು ಒಂದು ಕಾರಣ, ಇನ್ನೊಬ್ಬರು ಬರೆದದ್ದನ್ನು ತಿದ್ದುವ ಸಂಕೋಚ ಅದಕ್ಕಿಂತ ದೊಡ್ಡದು. ಹಿರಿಯ ಶಿಕ್ಷಕರ ಪುಟಕ್ಕೆ ಕಿರಿಯರು ಕೈಹಾಕುವುದು ನಮ್ಮ ಶಾಲಾ ಸಂಸ್ಕೃತಿಯಲ್ಲಿ ಸಲೀಸಲ್ಲ. ಕಾರ್ಯಾಗಾರದಲ್ಲಿ ನಾಲ್ಕೈದು ಜನ ಒಂದು ಪುಟದ ಸುತ್ತ ಕೂತಾಗ ಕೆಲಸ ಸಾಗುತ್ತದೆ, ಮನೆಗೆ ಹೋದ ಮೇಲೆ ನಿಲ್ಲುತ್ತದೆ. ಈ ಅನುಭವವನ್ನು ಐಟಿ ಫಾರ್ ಚೇಂಜ್‌ನ ಗುರುಮೂರ್ತಿ ಕಾಶೀನಾಥನ್ ಮತ್ತು ಶ್ರೀರಂಜನಿ ರಂಗನಾಥನ್ 2017ರಲ್ಲಿ ಪ್ರಕಟವಾದ, ಅಭಿವೃದ್ಧಿಶೀಲ ದೇಶಗಳ ಮುಕ್ತ ಸಂಪನ್ಮೂಲಗಳನ್ನು ಕುರಿತ ಅಂತರರಾಷ್ಟ್ರೀಯ ಸಂಪುಟದಲ್ಲಿ ಅಧ್ಯಯನವಾಗಿ ದಾಖಲಿಸಿದ್ದಾರೆ. ಸಂಪನ್ಮೂಲವನ್ನು ಮೇಲಿನಿಂದ ಕೊಡುವುದಕ್ಕಿಂತ ಶಿಕ್ಷಕ ಸಮುದಾಯವೇ ಕೂಡಿ ರೂಪಿಸುವ ಮಾದರಿಯನ್ನು ಅದು ಎತ್ತಿಹಿಡಿಯುತ್ತದೆ.

ವಾಟ್ಸಾಪ್

2016ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆಯ ದಿನವೇ, ಜಿಯೋ ಸೇವೆ ಆರಂಭವಾಗಿ ಡೇಟಾ ಅಗ್ಗವಾಯಿತು. ಅದೇ ವರ್ಷ ವಾಟ್ಸಾಪ್ ಗ್ರೂಪಿನ ಮಿತಿ 100ರಿಂದ 256ಕ್ಕೆ ಏರಿತು. ಎಸ್‌ಟಿಎಫ್ ವರ್ಷಗಳ ಕಾಲ ಹೆಣಗಿ ಮಾಡಿದ ಸೇರ್ಪಡೆಯನ್ನು ವಾಟ್ಸಾಪ್ ಯಾವ ಕಾರ್ಯಾಗಾರವೂ ಇಲ್ಲದೆ ಮಾಡಿ ಮುಗಿಸಿತು. ಶಾಲೆಗೊಂದು, ಕ್ಲಸ್ಟರಿಗೊಂದು, ವಲಯಕ್ಕೊಂದು, ಜಿಲ್ಲೆಯ ಗಣಿತದವರಿಗೊಂದು, ಸಂಘಕ್ಕೊಂದು, ಚುನಾವಣಾ ಕರ್ತವ್ಯಕ್ಕೊಂದು ಗ್ರೂಪ್. ಮಿತಿ ತುಂಬಿದ ಕಡೆ ಅದೇ ಹೆಸರಿನ ಮುಂದೆ 1, 2 ಎಂದು ಸೇರಿಸಿಕೊಳ್ಳುವುದು ವಾಡಿಕೆಯಾಯಿತು. 2022ರಲ್ಲಿ ಮಿತಿ ಮೊದಲು 512ಕ್ಕೂ ಆಮೇಲೆ 1024ಕ್ಕೂ ಏರಿತು. ಅಷ್ಟರಲ್ಲಿ ದೊಡ್ಡ ಕಡತಗಳ ಹಂಚಿಕೆ ಟೆಲಿಗ್ರಾಂ ಚಾನೆಲ್‌ಗಳಿಗೆ ಸರಿದಿತ್ತು.

ವಾಟ್ಸಾಪ್‌ನ ಶಕ್ತಿ ಅದರ ತಕ್ಷಣದ ಗುಣ. ವಿಜ್ಞಾನ, ಗಣಿತಕ್ಕೆ ಎನ್‌ಸಿಇಆರ್‌ಟಿ ಪಠ್ಯ ಬಂದಾಗ ಗೊತ್ತಿಲ್ಲದ ಲೆಕ್ಕದ ಫೋಟೊ ತೆಗೆದು ರಾತ್ರಿ ಹಾಕಿದರೆ, ಇನ್ನೊಂದು ಶಾಲೆಯವರು ಬಿಳಿಹಾಳೆಯಲ್ಲಿ ಬಿಡಿಸಿ ಫೋಟೊ ತೆಗೆದು ಬೆಳಿಗ್ಗೆಯೊಳಗೆ ಕಳಿಸಬಹುದು. ಟೈಪ್ ಮಾಡುವ ಕಷ್ಟವಿಲ್ಲ, ಫಾಂಟಿನ ಗೋಜಿಲ್ಲ. ಪ್ರಯೋಗ ಕೈಕೊಟ್ಟರೆ ಧ್ವನಿ ಸಂದೇಶದಲ್ಲಿ ಹೇಳಿಕೊಳ್ಳಬಹುದು. ಜೂಲಿಯನ್ ಓರ್ ಕಂಡ ಕಾಫಿ ಮೇಜಿನ ಮಾತಿಗೆ ಇದಕ್ಕಿಂತ ಹತ್ತಿರದ ಸಾಧನ ಬಂದಿಲ್ಲ.

ದೌರ್ಬಲ್ಯವೂ ಅಲ್ಲೇ ಇದೆ. ಶುಭೋದಯ, ಹುಟ್ಟುಹಬ್ಬ, ನಿವೃತ್ತಿಯ ಹಾರೈಕೆ, ತುರ್ತು ಮಾಹಿತಿಯ ಸುತ್ತೋಲೆಗಳ ಕೆಳಗೆ ಒಳ್ಳೆಯ ಉತ್ತರ ಎರಡೇ ದಿನದಲ್ಲಿ ಹೂತುಹೋಗುತ್ತದೆ. ಹೊಸದಾಗಿ ಗ್ರೂಪಿಗೆ ಬಂದವರಿಗೆ ಹಿಂದಿನ ಮಾತು ಸಾಮಾನ್ಯವಾಗಿ ಕಾಣುವುದೂ ಇಲ್ಲ. ಪಾಸಿಂಗ್ ಪ್ಯಾಕೇಜ್, ನೀಲನಕ್ಷೆ, ಪ್ರಶ್ನೆಕೋಶ ಇವು ಪಿಡಿಎಫ್ ಆಗಿ ಒಂದು ಗ್ರೂಪಿನಿಂದ ಇನ್ನೊಂದಕ್ಕೆ ಹಾರುತ್ತ ಮಾಡಿದವರ ಹೆಸರು ಕಳೆದುಕೊಳ್ಳುತ್ತವೆ, ತಪ್ಪಿದ್ದರೆ ತಪ್ಪಿನ ಸಮೇತ ಹರಡುತ್ತವೆ. ಪಿಡಿಎಫ್ ಅನ್ನು ಬಿಚ್ಚಿ ತಿದ್ದುವುದು ಸುಲಭವಲ್ಲ. ಜಿಯೋಜೀಬ್ರಾ ಕಡತಕ್ಕೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು: ಒಂದನ್ನು ಬಿಚ್ಚಿ ಕಲಿಯಬಹುದು, ಇನ್ನೊಂದನ್ನು ಮುದ್ರಿಸಿ ಹಂಚಬಹುದು ಅಷ್ಟೆ. ಮಾರ್ಚ್‌ನ ಪರೀಕ್ಷೆ ಹತ್ತಿರವಾದಂತೆ ಎರಡನೆಯದರ ಬೇಡಿಕೆಯೇ ಹೆಚ್ಚು.

ಇನ್ನೊಂದು ಬದಲಾವಣೆ ಅಧಿಕಾರಕ್ಕೆ ಸಂಬಂಧಿಸಿದ್ದು. ಮೇಲ್ ಬಳಗದಲ್ಲಿ ಅಧಿಕಾರಿಯೂ ಶಿಕ್ಷಕರೂ ಒಂದೇ ಪಂಕ್ತಿಯಲ್ಲಿದ್ದರು. ವಲಯದ ವಾಟ್ಸಾಪ್ ಗ್ರೂಪ್ ಬಹುಬೇಗ ಆದೇಶದ ಕೊಳವೆಯಾಯಿತು. ‘ಇಂದು ಸಂಜೆಯೊಳಗೆ’ ಎಂದು ಸ್ಯಾಟ್ಸ್ ಜಾಲತಾಣಕ್ಕೆ ಬೇಕಾದ ವಿದ್ಯಾರ್ಥಿಗಳ ಮಾಹಿತಿ, ಬಿಸಿಯೂಟದ ಲೆಕ್ಕ, ಕಾರ್ಯಕ್ರಮದ ಫೋಟೊ ಕೇಳುವ ಸಂದೇಶಗಳು ಬರುವ ಜಾಗದಲ್ಲಿ ‘ಈ ಪಾಠ ನನಗೆ ಸರಿಯಾಗಿ ಬರುತ್ತಿಲ್ಲ’ ಎಂದು ಯಾರೂ ಬರೆಯುವುದಿಲ್ಲ. ಗೊತ್ತಿಲ್ಲ ಎಂದು ಹೇಳಿಕೊಳ್ಳಲು ಅಂಜದ ಜಾಗವೇ ಕಲಿಕೆಯ ಜಾಗ. ಶಿಕ್ಷಕರು ತಮ್ಮತಮ್ಮಲ್ಲೇ ಮಾಡಿಕೊಂಡ, ಅಧಿಕಾರಿಗಳಿಲ್ಲದ ಸಣ್ಣ ಗ್ರೂಪುಗಳಲ್ಲಿ ಆ ಮಾತು ಉಳಿದಿದೆ.

ದೀಕ್ಷಾ ಮತ್ತು ಕೊರೊನಾ ಕಾಲ

ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆ 2017ರ ಶಿಕ್ಷಕರ ದಿನದಂದು ಉದ್ಘಾಟನೆಯಾಯಿತು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ಮಕ್ಕಳಿಗೆ ಪಾಠ, ಕೋರ್ಸುಗಳ ಮೂಲಕ ಶಿಕ್ಷಕರಿಗೆ ತರಬೇತಿ ಎಂಬುದು ಅದರ ಎರಡು ಮುಖ. 2019ರಲ್ಲಿ ಮುಖಾಮುಖಿಯಾಗಿ ಶುರುವಾಗಿದ್ದ ನಿಷ್ಠಾ ತರಬೇತಿ 2020ರ ಅಕ್ಟೋಬರ್‌ನಲ್ಲಿ 18 ಮಾಡ್ಯೂಲ್‌ಗಳ ಆನ್‌ಲೈನ್ ಕೋರ್ಸಾಗಿ ದೀಕ್ಷಾಕ್ಕೆ ಬಂತು. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ವೃತ್ತಿ ಅಭಿವೃದ್ಧಿಯನ್ನು ನಿರೀಕ್ಷಿಸುತ್ತದೆ. ಶಾಲೆ ಮುಚ್ಚಿದ್ದ ಕಾಲದಲ್ಲಿ ಚಂದನ ವಾಹಿನಿಯ ಸಂವೇದ ಪಾಠ, ಮಕ್ಕಳ ಬಳಿಗೇ ಹೋಗಿ ಕಲಿಸುವ ವಿದ್ಯಾಗಮ, ಗೂಗಲ್ ಮೀಟ್ ಸಭೆ ಇವು ಶಿಕ್ಷಕರನ್ನು ಒಟ್ಟಿಗೇ ಹಲವು ಸಾಧನಗಳಿಗೆ ಒಗ್ಗಿಸಿದವು. ಪಾಠ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುವುದನ್ನು ಹಲವರು ಕಲಿತದ್ದು ಆಗಲೇ, ಅದೂ ಒಬ್ಬರಿಂದೊಬ್ಬರು ನೋಡಿ.

ದೀಕ್ಷಾ ಸಹಯೋಗದ ಸಾಧನವಲ್ಲ, ವಿತರಣೆಯ ಸಾಧನ. ಕಾಡೊಳಗಿನ ಊರಿನ ಶಿಕ್ಷಕಿಗೂ ರಾಜಧಾನಿಯವರಿಗೂ ಒಂದೇ ಕೋರ್ಸು ಸಿಗುವುದು, ಹೆರಿಗೆ ರಜೆಯಿಂದ ಮರಳಿದವರು ತಪ್ಪಿದ ತರಬೇತಿಯನ್ನು ಮನೆಯಿಂದಲೇ ಮುಗಿಸಬಹುದಾದದ್ದು ಸಣ್ಣ ಲಾಭವಲ್ಲ. ಆದರೆ ಅಲ್ಲಿ ಶಿಕ್ಷಕರು ಒಂಟಿಯಾಗಿ ವಿಡಿಯೊ ನೋಡಿ, ರಸಪ್ರಶ್ನೆಗೆ ಉತ್ತರಿಸಿ, ಪ್ರಮಾಣಪತ್ರ ಪಡೆಯುತ್ತಾರೆ. ಕ್ವಿಜ್‌ನ ಉತ್ತರಗಳು ವಾಟ್ಸಾಪ್‌ನಲ್ಲಿ ತಿರುಗುವುದನ್ನು ಸಹಯೋಗ ಎನ್ನುವುದಾದರೆ ಮಾತ್ರ ಅದು ಸಹಯೋಗ.

ಇತರ ಕಾರ್ಯಕ್ಷೇತ್ರಗಳು

ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗಳು (ಪಿಡಿಒ), ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಬ್ಯಾಂಕ್ ನೌಕರರ ನಡುವೆಯೂ ಇಂಥ ಗ್ರೂಪುಗಳಿವೆ. ಅವುಗಳಲ್ಲಿ ಹೆಚ್ಚಿನವು ಆದೇಶ ಮತ್ತು ವರದಿಗೆ ಸೀಮಿತ. ಕೃಷಿಯದು ಬೇರೆ ಮಾತು. 2018ರ ಮೇ ತಿಂಗಳಲ್ಲಿ ನೆರೆಯ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಫಾಲ್ ಸೈನಿಕ ಹುಳು ಭಾರತದಲ್ಲೇ ಮೊದಲ ಬಾರಿಗೆ ಪತ್ತೆಯಾದಾಗ, ರೈತ ಸಂಪರ್ಕ ಕೇಂದ್ರದ ಸಿಬ್ಬಂದಿಯೂ ರೈತರೂ ಹೊಸ ಕೀಟವನ್ನು ಗುರುತು ಹಿಡಿಯಲು ಒಟ್ಟಿಗೇ ಕಲಿಯಬೇಕಾಯಿತು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಗುರುತು, ಬಾಲದ ಹತ್ತಿರ ಚೌಕಾಕಾರದ ನಾಲ್ಕು ಚುಕ್ಕೆ ಇದರ ಲಕ್ಷಣ. ಹತ್ತಿರದಿಂದ ತೆಗೆದ ಒಂದು ಸ್ಪಷ್ಟ ಫೋಟೊ ಇದಕ್ಕೆ ಸಾಕು, ಮಸುಕು ಫೋಟೊ ನೂರು ಬಂದರೂ ಸಾಲದು. ಗುರುತು ಹಿಡಿಯಲು ಗ್ರೂಪು ಸಹಾಯ ಮಾಡುವಷ್ಟೇ ಸುಲಭವಾಗಿ, ಯಾರೋ ಬರೆದ ತಪ್ಪು ಔಷಧದ ಪ್ರಮಾಣವನ್ನೂ ಹರಡಬಲ್ಲದು. ಪರೀಕ್ಷಿಸುವವರಿಲ್ಲದ ಹಂಚಿಕೆಯ ಅಪಾಯ ಪ್ರಶ್ನೆಪತ್ರಿಕೆಗಿಂತ ಬೆಳೆಯಲ್ಲಿ ಬೇಗ ಕಾಣುತ್ತದೆ.

ನಿಯಮ ಮತ್ತು ಖಾಸಗಿತನ

ಸರ್ಕಾರಿ ನೌಕರರ ನಡತೆಯನ್ನು 1966ರ ನಿಯಮಗಳ ಬದಲಿಗೆ ಬಂದ 2021ರ ಕರ್ನಾಟಕ ನಾಗರಿಕ ಸೇವಾ (ನಡತೆ) ನಿಯಮಗಳು ನಿಯಂತ್ರಿಸುತ್ತವೆ. ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವಂತಿಲ್ಲ ಎಂಬ ಕಟ್ಟಿನ ನೆರಳು ಪಠ್ಯಕ್ರಮದ ಚರ್ಚೆಯ ಮೇಲೂ ಬೀಳುತ್ತದೆ. ಹೊಸ ಮೌಲ್ಯಮಾಪನ ಪದ್ಧತಿ ತರಗತಿಯಲ್ಲಿ ನಡೆಯುತ್ತಿಲ್ಲ ಎಂಬುದು ಟೀಕೆಯೋ ವೃತ್ತಿಯ ಅನುಭವವೋ ಎಂದು ತೀರ್ಮಾನಿಸುವವರು ಯಾರು ಎಂಬ ಅಳುಕಿನಲ್ಲಿ ಅನೇಕರು ಸುಮ್ಮನಾಗುತ್ತಾರೆ. ಮಕ್ಕಳ ಫೋಟೊ, ಅಂಕಪಟ್ಟಿ, ಆಧಾರ್ ಸಂಖ್ಯೆಗಳು ಗ್ರೂಪುಗಳಲ್ಲಿ ಸಲೀಸಾಗಿ ಓಡಾಡುವುದು ಇನ್ನೊಂದು ಸಮಸ್ಯೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಇ-ಮೇಲ್ ಬಳಗದಲ್ಲಿ ವಿಳಾಸ ಮಾತ್ರ ಕಾಣುತ್ತಿತ್ತು, ವಾಟ್ಸಾಪ್‌ನಲ್ಲಿ ಫೋನ್ ನಂಬರೇ ಎಲ್ಲರಿಗೂ ಕಾಣುತ್ತದೆ. ದೊಡ್ಡ ಗ್ರೂಪುಗಳಲ್ಲಿ ಶಿಕ್ಷಕಿಯರು ಬರೆಯಲು ಹಿಂಜರಿಯಲು ಇದೂ ಒಂದು ಕಾರಣ.

ಸದ್ಯದ ಸ್ಥಿತಿ

ಮಾತಿಗೆ ವಾಟ್ಸಾಪ್, ಸಂಗ್ರಹಕ್ಕೆ ವಿಕಿ, ವಿತರಣೆಗೆ ದೀಕ್ಷಾ, ಮುಖಾಮುಖಿಗೆ ಸಮಾಲೋಚನಾ ಸಭೆ, ಹೀಗೆ ನಾಲ್ಕೂ ಈಗ ಲಭ್ಯ ಇವೆ. ಇಲ್ಲದಿರುವುದು ಇವುಗಳ ನಡುವೆ ಓಡಾಡುವವರು. ಗ್ರೂಪಿನಲ್ಲಿ ಬಂದ ಒಳ್ಳೆಯ ಉತ್ತರವನ್ನು ಎತ್ತಿ, ಇನ್ನಿಬ್ಬರಿಂದ ಪರೀಕ್ಷಿಸಿ, ಬರೆದವರ ಹೆಸರಿನ ಸಹಿತ ವಿಕಿಯ ಪುಟಕ್ಕೆ ಸೇರಿಸುವ ಸಂಪಾದನೆಯ ಕೆಲಸವನ್ನು ಯುರೇಕಾದಲ್ಲಿ ನುರಿತ ತಂತ್ರಜ್ಞರು ಮಾಡಿದರು, ‘ಅಡಿಕೆ ಪತ್ರಿಕೆ’ಯಲ್ಲಿ ಸಂಪಾದಕರು ಮಾಡಿದರು. ಶಾಲಾ ವ್ಯವಸ್ಥೆಯಲ್ಲಿ ಅದು ಉತ್ಸಾಹಿಗಳ ಬಿಡುವಿನ ಹೊತ್ತಿಗೆ ಬಿಟ್ಟ ಕೆಲಸವಾಗಿದೆ. ಕಡೂರು, ಬೀರೂರು, ತರೀಕೆರೆಯ ವಲಯಗಳಲ್ಲಿ ವಿಷಯಕ್ಕೆ ಇಬ್ಬರಂತೆ ಶಿಕ್ಷಕರಿಗೆ ತಿಂಗಳಿಗೆ ಒಂದು ದಿನ ಒಒಡಿ (ಅನ್ಯ ಕರ್ತವ್ಯದ ಅನುಮತಿ) ಕೊಟ್ಟರೆ ಈ ಕೆಲಸ ನಡೆಯುತ್ತದೆ. ಅದಕ್ಕೆ ಹೊಸ ಆ್ಯಪ್ ಬೇಕಾಗಿಲ್ಲ.